ಇವತ್ತಿನ ಮೆಸೇಜು, ಹೋದ ವಾರದ ದರ

ಬೆಳಗಾದರೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ಯಶವಂತಪುರ ಎಪಿಎಂಸಿಯ ಈರುಳ್ಳಿ ದರದ ಚಾರ್ಟ್ ಬಂದು ಬೀಳುತ್ತದೆ. ಗೆರೆ ಮೇಲೆ ಹೋಗಿದ್ದರೆ ಲಾರಿಯವನಿಗೆ ಫೋನು, ಕೆಳಗಿಳಿದಿದ್ದರೆ ‘ಇನ್ನೆರಡು ದಿನ ತಡಿಯೋಣ ಬಿಡು’ ಅನ್ನೋ ಮಾತು. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬೆಂಗಳೂರಿಗೆ ಮಾಲು ತರುವವರಿಗೆ ಲಾರಿ ಬಾಡಿಗೆ, ಹಮಾಲಿ, ಚೀಲದ ದುಡ್ಡು ಎಲ್ಲವೂ ಆ ಗೆರೆಯ ಮೇಲೆ ನಿಂತಿದೆ. ಆದರೆ ಆ ಗೆರೆ ಇವತ್ತಿನದೇನಾ?

ನಮ್ಮ ಕಣ್ಣಿಗೆ ಬಿದ್ದ ಒಂದು ಚಾರ್ಟಿನಲ್ಲಿ ಐದು ದಿನ ಗೆರೆ ಅಲುಗಿರಲೇ ಇಲ್ಲ. ಈರುಳ್ಳಿ ದರ ಐದು ದಿನ ಸುಮ್ಮನೆ ಕೂರುವುದುಂಟೇ! ದರ ಬರೆಯುವ ಎಕ್ಸೆಲ್ ಫೈಲ್ ಒಂದು, ಚಾರ್ಟ್ ಇರುವ ಫೈಲ್ ಇನ್ನೊಂದು. ಯಾರೋ ದರದ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದ್ದರು. ಚಾರ್ಟ್ ತನ್ನೊಳಗೆ ಆ ಫೈಲಿನ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ವಿಳಾಸದಲ್ಲಿ ಫೈಲ್ ಸಿಗದಿದ್ದರೆ ಗೆರೆ ಅಳಿಸುವುದಿಲ್ಲ, ಕೊನೆಯ ಸಲ ಕಂಡ ಅಂಕಿಗಳನ್ನೇ ತೋರಿಸುತ್ತಾ ಇರುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಫೋನಿನಲ್ಲಿ ತೆರೆದರೂ ಅಷ್ಟೇ, ಇನ್ನೊಬ್ಬರ ಕಂಪ್ಯೂಟರಿನೊಳಗಿರುವ ಫೈಲು ನಿಮ್ಮ ಫೋನಿಗೆ ಸಿಗುವುದಿಲ್ಲ.

ಸರಿ ಮಾಡುವುದು ಕಷ್ಟವೇನಲ್ಲ. ಕಂಪ್ಯೂಟರಿನಲ್ಲಿ ಎರಡೂ ಫೈಲ್ ತೆರೆಯಿರಿ. ಚಾರ್ಟಿನ ಫೈಲ್ ತೆರೆದಾಗ ಮೇಲೆ ಒಂದು ಹಳದಿ ಪಟ್ಟಿ ಬಂದು ಲಿಂಕ್ ಅಪ್‌ಡೇಟ್ ಆಗಿಲ್ಲ ಎಂದು ಹೇಳುತ್ತದೆ. ನಮ್ಮ ಜನ ಅದನ್ನು ಜಾಹೀರಾತು ಅಂದುಕೊಂಡು ಮುಚ್ಚಿಬಿಡುತ್ತಾರೆ! ಮುಚ್ಚಬೇಡಿ, ಒಪ್ಪಿಗೆ ಕೊಡಿ. ಆಮೇಲೆ ‘ಡೇಟಾ’ ಮೆನುವಿನಲ್ಲಿ ‘ಎಡಿಟ್ ಲಿಂಕ್ಸ್’ಗೆ ಹೋಗಿ (ಹೊಸ ಎಕ್ಸೆಲ್‌ನಲ್ಲಿ ‘ವರ್ಕ್‌ಬುಕ್ ಲಿಂಕ್ಸ್’), ವಿಳಾಸ ಹಳೆಯದಾಗಿದ್ದರೆ ‘ಚೇಂಜ್ ಸೋರ್ಸ್’ ಒತ್ತಿ ಈಗಿನ ಫೈಲ್ ತೋರಿಸಿ. ವಿಳಾಸ ಸರಿಯಿದ್ದೂ ಗೆರೆ ಹಳೇ ತಾರೀಖಿಗೆ ನಿಂತಿದ್ದರೆ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಲೆಕ್ಟ್ ಡೇಟಾ’ ನೋಡಿ. 31ನೇ ಸಾಲಿನವರೆಗೆ ಅಂತ ಬರೆದಿದ್ದರೆ 32ನೇ ಸಾಲಿನ ದರ ಚಾರ್ಟಿಗೆ ಬರುವುದೇ ಇಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಬೇರೆ ಫೈಲಿನ ಅಂಕಿಯಿಂದ ನೇರವಾಗಿ ಚಾರ್ಟ್ ಮಾಡಲಾಗದು. ‘ಇಂಪೋರ್ಟ್‌ರೇಂಜ್’ ಸೂತ್ರ ಹಾಕಿ ಅಂಕಿ ತರಿಸಿಕೊಳ್ಳಬೇಕು. ಮೊದಲ ಸಲ ಅನುಮತಿ ಕೊಡುವವರೆಗೂ ಅದು ‘ರೆಫ್’ ಎಂಬ ಎರರ್ ತೋರಿಸುತ್ತದೆ. ನಮಗಂತೂ ಇದೇ ವಾಸಿ ಅನ್ನಿಸುತ್ತದೆ, ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳುತ್ತದಲ್ಲ.

ಹತ್ತಾರು ಜನ ಅಂಕಿ ತುಂಬುವ ದೊಡ್ಡ ಆಫೀಸಿಗೆ ಎರಡು ಫೈಲ್ ಬೇಕಾಗಬಹುದು. ಒಂದು ಊರಿನ ರೈತ ಗುಂಪಿಗೆ ಯಾಕೆ? ಒಂದೇ ಫೈಲ್ ಸಾಕು. ಒಂದು ಹಾಳೆಯಲ್ಲಿ ದರ, ಇನ್ನೊಂದರಲ್ಲಿ ಚಾರ್ಟ್. ದರದ ಕೊನೆಯ ತಾರೀಖು ಒಂದು ಸೆಲ್‌ನಲ್ಲಿ ಬರುವಂತೆ ಮಾಡಿ. ಚಾರ್ಟಿನ ತಲೆಬರಹ ಒತ್ತಿ, ಫಾರ್ಮುಲಾ ಪಟ್ಟಿಯಲ್ಲಿ ಸಮ ಚಿಹ್ನೆ ಹಾಕಿ ಆ ಸೆಲ್ ತೋರಿಸಿದರೆ ತಾರೀಖು ಚಾರ್ಟಿನ ನೆತ್ತಿಯ ಮೇಲೆಯೇ ಬರುತ್ತದೆ. ದರ ತುಂಬದ ದಿನ ಹಳೇ ತಾರೀಖೇ ಕಾಣುತ್ತದೆ.

ಓದುವ ನಾವು ನೀವು ಮಾಡಬೇಕಾದ್ದೂ ಇದೆ. ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಸಿಗುತ್ತದೆ. ಹೆಚ್ಚಿನ ಮಾಲು ಹೋಗುವುದು ಮಾದರಿ ದರಕ್ಕೆ, ಗುಂಪಿನಲ್ಲಿ ಓಡಾಡುವ ಗೆರೆ ಬಹಳ ಸಲ ಗರಿಷ್ಠದ್ದು. ಮುಂದಿನ ಸಲ ಚಾರ್ಟ್ ಬಂದಾಗ ಲಾರಿಯವನಿಗಿಂತ ಮೊದಲು ಅದನ್ನು ಕಳಿಸಿದವರಿಗೆ ಫೋನ್ ಮಾಡಿ, ‘ಇದು ಯಾವ ತಾರೀಖಿಂದು, ಯಾವ ದರದ್ದು?’ ಅಂತ ಕೇಳಿ.