ಗೋಡೆಯೊಳಗೆ ಯಾವ ಪೈಪು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮನೆ ಕಟ್ಟುವವರು ಬಾಗಿಲಿಗೆ ಯಾವ ಮರ, ನೆಲಕ್ಕೆ ಯಾವ ಟೈಲ್ಸು ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಗೋಡೆಯೊಳಗೆ ಹೂತು ಹೋಗುವ ನೀರಿನ ಪೈಪಿನ ಮಾತು ಬಂದಾಗ ಮಾತ್ರ ‘ಯಾವ್ದಾದ್ರೂ ಹಾಕ್ಬಿಡಪ್ಪ, ಕಮ್ಮಿ ರೇಟಿಂದು’ ಎಂದು ಪ್ಲಂಬರನ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ಗೋಡೆಯಲ್ಲಿ ತೇವ ಕಾಣಿಸಿಕೊಂಡು, ಆಸೆಪಟ್ಟು ಹಾಕಿಸಿದ ಟೈಲ್ಸು ಒಡೆಸುವ ದಿನ ಬಂದಾಗಲೇ ಜ್ಞಾನೋದಯ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು!

ಹಿಂದಿನವರಿಗೆ ಪೈಪು ಎಂದರೆ ಜಿ.ಐ. ಪೈಪೇ. ಕಬ್ಬಿಣದ ಮೇಲೆ ಸತುವಿನ ಲೇಪ. ಪೆಟ್ಟಿಗೆ ಜಗ್ಗದು, ಬಿಸಿಲಿಗೆ ಬೆದರದು. ಆದರೆ ಬೋರ್‌ವೆಲ್ಲಿನ ಗಡಸು ನೀರು ಹರಿದಲ್ಲಿ ಒಳಗೆ ಸುಣ್ಣ ಕಟ್ಟುತ್ತದೆ. ಮರೆ ಕೊರೆದ ಜಾಗದಲ್ಲಿ ಸತುವಿನ ಲೇಪ ಹೋಗಿರುವುದರಿಂದ ತುಕ್ಕು ಅಲ್ಲಿಂದಲೇ ಶುರು. ಅರ್ಧ ಇಂಚಿನ ಪೈಪು ವರ್ಷಗಳುರುಳಿದಂತೆ ಕಡ್ಡಿ ತೂರುವಷ್ಟಾಗಿ, ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತದೆ.

ಪಿ.ವಿ.ಸಿ.ಗೆ ತುಕ್ಕಿನ ಕಾಟವಿಲ್ಲ, ದರವೂ ಹಗುರ. ತಣ್ಣೀರಿಗೆ ಧಾರಾಳವಾಗಿ ಸಾಕು. ಆದರೆ 60 ಡಿಗ್ರಿ ಸುಮಾರಿಗೇ ಅದು ಬಲಗುಂದಿ ಮೆತ್ತಗಾಗುತ್ತದೆ. ತಾರಸಿ ಮೇಲೆ ಸೋಲಾರ್ ಕೂರಿಸಿ, ಬಚ್ಚಲಿಗೆ ಪಿ.ವಿ.ಸಿ. ಎಳೆಸುವುದು ಬೆಂಕಿಗೆ ಬೆಣ್ಣೆ ಕಾವಲಿಟ್ಟಂತೆ. ಬಿಸಿನೀರಿಗೆಂದೇ ಇರುವುದು ಸಿ.ಪಿ.ವಿ.ಸಿ.; 93 ಡಿಗ್ರಿವರೆಗೆ ಅದಕ್ಕೆ ತಾಳಿಕೆಯುಂಟು. ದರ ಜಾಸ್ತಿಯೆನ್ನುವವರು ಬಿಸಿನೀರಿನ ಸಾಲಿಗೆ ಮಾತ್ರ ಅದನ್ನು ಹಾಕಿಸಿದರಾಯಿತು. ಅಂಟು ಮಾತ್ರ ಅದಕ್ಕೆಂದೇ ಇರುವುದಾಗಿರಬೇಕು. ಪ್ಲಾಸ್ಟಿಕ್ ಯಾವುದೇ ಇರಲಿ, ವರ್ಷಾನುಗಟ್ಟಲೆ ಬಿಸಿಲು ತಿಂದರೆ ಪೆಡಸಾಗಿ ಸೀಳುತ್ತದೆ. ಹೊರಗೋಡೆಯ ಪೈಪಿಗೆ ಬಣ್ಣವೋ ಹೊದಿಕೆಯೋ ಬೇಕೇ ಬೇಕು.

‘ಪ್ರೆಷರ್ ತಡೆಯಲ್ಲ ಸಾರ್’ ಎಂದು ಹೆದರಿಸಿ ದುಬಾರಿ ಮಾಲು ದಾಟಿಸುವವರೂ ಇದ್ದಾರೆ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೂ ಒತ್ತಡ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 1 ಕೆ.ಜಿ. ಅಷ್ಟೆ. ಮೋಟರಿನಿಂದ ಟ್ಯಾಂಕಿಗೇರುವ ಸಾಲಿಗೆ ದಪ್ಪ ಪೈಪು ನ್ಯಾಯ. ಮಿಕ್ಕ ಕಡೆ ಕೈಕೊಡುವುದು ಪೈಪಿಗಿಂತ ಹೆಚ್ಚಾಗಿ ಜಾಯಿಂಟು. ಗಾರೆ ಮೆತ್ತುವ ಮುನ್ನ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿದರೆ ಅರ್ಧ ತಲೆನೋವು ಅಲ್ಲೇ ತೀರುತ್ತದೆ.

ಇನ್ನೊಂದು ಮಾತು ಆರೋಗ್ಯದ್ದು. ಪಿ.ವಿ.ಸಿ. ತಯಾರಿಕೆಯಲ್ಲಿ ಬಳಸುತ್ತಿದ್ದ ಸೀಸವನ್ನು ತೆಗೆಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಸೀಸ ಮಕ್ಕಳ ಮಿದುಳಿಗೆ ಕೇಡು. ಆದ್ದರಿಂದ ಹೆಸರಿಲ್ಲದ, ಗುರುತಿಲ್ಲದ ಪೈಪನ್ನು ಕುಡಿಯುವ ನೀರಿಗೆ ಹಾಕುವುದು ಉಳಿತಾಯವಲ್ಲ, ಅಪರಾಧ. ಪಿ.ವಿ.ಸಿ. ಮೇಲೆ ಐ.ಎಸ್. 4985, ಸಿ.ಪಿ.ವಿ.ಸಿ. ಮೇಲೆ 15778 ಎಂಬ ಅಚ್ಚಿದೆಯೇ ಎಂದು ಗಿರಾಕಿ ಕಣ್ಣಾರೆ ನೋಡಬೇಕು. ಕರೆಂಟ್ ವೈರಿನ ಪೈಪನ್ನೇ ನೀರಿಗೆ ಜೋಡಿಸುವ ಚಾಳಿಯಂತೂ ನಿಲ್ಲಲೇಬೇಕು.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಹಳ್ಳಿ ಮನೆಯ ಬಾಗಿಲವರೆಗೆ ನಲ್ಲಿ ತರುವ ಯೋಜನೆ. ಬಾಗಿಲಿಂದ ಒಳಕ್ಕೆ ಹೊಣೆ ಮನೆಯವರದು. ಅಂಗಡಿಯವರು ಅಚ್ಚಿರುವ ಮಾಲು ಕೊಟ್ಟು ಬಿಲ್ ಬರೆಯಲಿ, ಪ್ಲಂಬರು ಕಮಿಷನ್ನಿನ ಆಸೆ ಬಿಟ್ಟು ನಿಜ ಹೇಳಲಿ, ಯಜಮಾನರು ಟೈಲ್ಸಿಗೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನಾದರೂ ಪೈಪಿಗೆ ಕೊಡಲಿ. ಟೈಲ್ಸನ್ನು ನೆಂಟರು ಹೊಗಳಿ ಹೋಗುತ್ತಾರೆ. ಪೈಪಿನ ನೀರನ್ನು ಮನೆ ಮಕ್ಕಳು ಕುಡಿಯುತ್ತಾರೆ.