ಶ್ಲೇಷೆಯ ಸೊಗಸು

ಒಂದೇ ಉಚ್ಚಾರಣೆಯಲ್ಲಿ ಎರಡು ಅರ್ಥಗಳನ್ನು ಅಡಗಿಸುವ ಚಮತ್ಕಾರವೇ ಶ್ಲೇಷೆ. ಇದು ಕೆಲಸವಿಲ್ಲದವರ ಬಾಯಿಚಪಲವೆಂದು ಮೂಗು ಮುರಿಯುವವರುಂಟು. ಆ ಮಾತು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಜೈನ ಕವಿ ಧನಂಜಯನು ತನ್ನ ಸಂಸ್ಕೃತ ಕಾವ್ಯವಾದ ‘ದ್ವಿಸಂಧಾನ’ದಲ್ಲಿ ಅದೇ ಪದ್ಯಗಳಿಂದ ರಾಮನ ಕಥೆಯನ್ನೂ ಪಾಂಡವರ ಕಥೆಯನ್ನೂ ಹೇಳಿದನು. ಅದು ಪಂಡಿತರ ಸಾಹಸ; ಓದುಗನಿಗೂ ಬೆವರು ಬರಿಸುವಂಥದು. ಮನೆಯ ಜಗಲಿಯಲ್ಲಿ ತಾನಾಗಿ ಹುಟ್ಟುವ ಶ್ಲೇಷೆಯ ಸ್ವಾರಸ್ಯವೇ ಬೇರೆ.

‘ನೆರೆ’ ಎಂಬ ಪುಟ್ಟ ಪದವನ್ನು ನೋಡಿರಿ. ಹೊಳೆಯ ಪ್ರವಾಹವೂ ನೆರೆ, ಪಕ್ಕದ ಮನೆಯೂ ನೆರೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಇಳಿದ ಮೇಲೆ, ದಂಡೆಯ ಮನೆಯ ಅಜ್ಜಿಯನ್ನು ಯಾರೋ, “ಮನೆಯೊಳಗೆ ನೆರೆ ಬಂದಿತ್ತೇ, ಅಜ್ಜಿ?” ಎಂದು ಕೇಳಿದರೆನ್ನೋಣ. “ಎರಡು ನೆರೆಯೂ ಬಂದವಪ್ಪ. ಒಂದು ಒಲೆ ಆರಿಸಿತು, ಇನ್ನೊಂದು ಅನ್ನ ತಂದಿತು” ಎಂದು ಅಜ್ಜಿ ಹೇಳಿದರೆ, ಅದು ಬರಿಯ ನಗೆಮಾತೇ? ಕಷ್ಟವೂ ಕೃತಜ್ಞತೆಯೂ ಆ ಒಂದೇ ಪದದಲ್ಲಿ ಕೂಡಿವೆ. ‘ಪ್ರವಾಹ’, ‘ಪಕ್ಕದವರು’ ಎಂದು ಪದಗಳನ್ನು ಬದಲಿಸಿದರೆ ಸುದ್ದಿ ಉಳಿಯುತ್ತದೆ, ಸೊಗಸು ಹೋಗುತ್ತದೆ. ಬೇರೆ ಭಾಷೆಗಂತೂ ಇದನ್ನು ಒಯ್ಯುವುದು ದುಸ್ಸಾಧ್ಯ.

ಮೂಗು ಮುರಿಯುವವರ ಆಕ್ಷೇಪಕ್ಕೆ ಆಧಾರವಿಲ್ಲದೆಯೂ ಇಲ್ಲ. ಸಹಪಾಠಿಯ ಹೆಸರನ್ನು ಹೋಲುವ ಹೀನ ಪದವೊಂದನ್ನು ಹುಡುಕಿ, ತರಗತಿಯೆಲ್ಲ ನಗುವಂತೆ ಕೂಗುವ ಜಾಣರಿದ್ದಾರೆ. ಅಲ್ಲಿ ಪ್ರಾಸವುಂಟು, ಶ್ಲೇಷೆಯಿಲ್ಲ. ಆ ಎರಡನೆಯ ಅರ್ಥವು ಹುಡುಗನಿಗೆ ಸಲ್ಲುವುದೇ ಇಲ್ಲ. ಆದರೂ ಹಾಜರಿ ಕೂಗುವಾಗಲೆಲ್ಲ ಅವನು ತಲೆ ತಗ್ಗಿಸಿಯೇ ಉತ್ತರ ಕೊಡಬೇಕಾಗುತ್ತದೆ.