ಕಡಿಮೆ ಕೊಟೇಶನ್‌ನಲ್ಲಿ ಕಡಿಮೆಯಾಗುವುದು ಏನು?

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಮೇಲೆ ಚಾಚಿಕೊಂಡಿರುವ ಮಳೆಮರದ ಕೊಂಬೆಗಳನ್ನು ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಕಡಿಸುತ್ತಾರಂತೆ. ಕೊಟೇಶನ್ ಕೇಳಿರುವ ವಿಷಯ ನೋಟಿಸ್ ಬೋರ್ಡಿನಲ್ಲಿದೆ. ಕಡಿಸಬೇಕಾದದ್ದು ಸರಿ. ಕಳೆದ ಮಳೆಗಾಲದಲ್ಲಿ ಅಲ್ಲಿ ಸೈಕಲ್ ನಿಲ್ಲಿಸಿದವರಿಗೆಲ್ಲ ಆ ಕೊಂಬೆಗಳ ಭಯ ಗೊತ್ತು. ಆದರೆ ಮೂರು ಕೊಟೇಶನ್ ಬಂದರೆ ಅದರಲ್ಲಿ ಅತಿ ಕಡಿಮೆ ಬರೆದವರಿಗೆ ಕೆಲಸ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಪೆನ್ನು, ಬೆಂಚು, ಬಣ್ಣದ ಡಬ್ಬಿ ಕೊಳ್ಳುವಾಗ ಅದು ಸರಿ ಇರಬಹುದು. ಮರ ಹತ್ತುವ ಕೆಲಸಕ್ಕೆ ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ನಮ್ಮ ವಾಣಿಜ್ಯ ವಿಭಾಗದ ಭಾಷೆಯಲ್ಲೇ ಹೇಳುತ್ತೇನೆ.

ಮೊದಲೇ ಒಂದು ಮಾತು. ನನ್ನ ಮಾಮು ಇದೇ ಕೆಲಸ ಮಾಡುತ್ತಾರೆ. ಅವರು ನಮ್ಮ ಕಾಲೇಜಿಗೆ ಕೊಟೇಶನ್ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವರ ಲೆಕ್ಕದ ನೋಟ್‌ಬುಕ್ ಎರಡು ವರ್ಷದಿಂದ ನಾನು ಬರೆಯುತ್ತಿದ್ದೇನೆ, ಅಷ್ಟೇ. ಇಲ್ಲಿ ಬರೆದಿರುವುದು ಅಲ್ಲಿಂದ ಕಲಿತದ್ದು.

ನೋಡುವವರಿಗೆ ಈ ಕೆಲಸ ಅಂದರೆ ಹತ್ತುವುದು, ಕಡಿಯುವುದು, ಇಳಿಯುವುದು. ಆದರೆ ಮಾಮು ಹತ್ತುವ ಮೊದಲು ಮರದ ಸುತ್ತ ಎರಡು ಸಲ ನಡೆಯುತ್ತಾರೆ. ಬುಡದಲ್ಲಿ ಅಣಬೆ ಎದ್ದಿದೆಯಾ, ಕಾಂಡದಲ್ಲಿ ಪೊಟರೆ ಇದೆಯಾ, ಯಾವ ಕೊಂಬೆ ಒಣಗಿದೆ, ಎಲ್ಲಿ ಚಗಳಿ ಗೂಡು ಕಟ್ಟಿದೆ, ಜೇನು ಇದೆಯಾ ಎಂದು ನೋಡುತ್ತಾರೆ. ಕರೆಂಟ್ ತಂತಿ ಹತ್ತಿರ ಇದ್ದರೆ ಮೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸುವವರೆಗೆ ಮರ ಮುಟ್ಟುವುದಿಲ್ಲ. ಲೈನ್‌ಮನ್ ಹನ್ನೊಂದು ಗಂಟೆಗೆ ಬಂದರೆ ಅಲ್ಲಿಯವರೆಗೆ ಮೂರು ಜನರ ಕೂಲಿ ಸುಮ್ಮನೆ ಓಡುತ್ತಿರುತ್ತದೆ.

ಪ್ರತಿ ಮರಕ್ಕೂ ಒಂದೊಂದು ಗುಣ. ನುಗ್ಗೆ ಕೊಂಬೆ ಗಟ್ಟಿ ಇದ್ದ ಹಾಗೆ ಕಂಡರೂ ಕಾಲಿಟ್ಟರೆ ಮುರಿಯುತ್ತದೆ. ಮಾವಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ. ಹಲಸನ್ನು ನಂಬಬಹುದು. ಮಳೆಮರ ಅಮೆರಿಕ ಖಂಡದ ಕಡೆಯಿಂದ ಬಂದು ನಮ್ಮ ರಸ್ತೆಗಳಿಗೆ ನೆರಳಾದ ಮರ. ಅದು ಎತ್ತರಕ್ಕಿಂತ ಅಗಲಕ್ಕೆ ಹಬ್ಬುತ್ತದೆ. ಕೊಂಬೆ ಉದ್ದ, ತುದಿಯಲ್ಲಿ ಭಾರ. ನಮ್ಮ ಸೈಕಲ್ ಸ್ಟ್ಯಾಂಡಿನ ಮೇಲಿರುವುದು ಅಂಥದ್ದೇ.

ಅಂಥ ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಭಾರಕ್ಕೆ ಸೀಳಿ, ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಕೆಲವು ಸಲ ಕೊಯ್ಯುವವನ ಕಡೆಗೇ ತಿರುಗುತ್ತದೆ. ಆದ್ದರಿಂದ ಮೂರು ಸಲ ಕೊಯ್ಯಬೇಕು. ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ತುಸು ಮುಂದೆ ಮೇಲಿನಿಂದ, ಕೊಂಬೆ ಹೋದ ನಂತರ ಉಳಿದ ಮೋಟನ್ನು ಕಾಂಡದ ಹತ್ತಿರ. ಆ ಕೊನೆಯ ಕೊಯ್ತವೂ ಕೊಂಬೆಯ ಬುಡದಲ್ಲಿರುವ ಉಬ್ಬಿಗೆ ತಾಗಬಾರದು. ಆ ಉಬ್ಬಿನಿಂದಲೇ ಮರ ತನ್ನ ಗಾಯ ಮುಚ್ಚಿಕೊಳ್ಳುವುದು. ಕೆಳಗೆ ಶೀಟಿನ ಮಾಡು ಇದ್ದರೆ ಕೊಂಬೆಯನ್ನು ಬೀಳಿಸುವ ಹಾಗೂ ಇಲ್ಲ, ಹಗ್ಗ ಕಟ್ಟಿ ಇಳಿಸಬೇಕು. ನಮ್ಮ ಮನೆಯಲ್ಲಿ ಉರ್ದು, ಆದರೆ ಮಾಮು ಮರದ ಮೇಲಿಂದ ಕೂಗುವುದು ಎರಡೇ ಕನ್ನಡ ಪದ: "ಹಿಡಿ", "ಬಿಡು". ಕೆಳಗೆ ಹಗ್ಗ ಹಿಡಿದವರು ಈ ಎರಡರಲ್ಲಿ ಒಂದನ್ನು ತಪ್ಪಾಗಿ ಕೇಳಿಸಿಕೊಂಡರೆ ಮುಗಿಯಿತು.

ಈಗ ಲೆಕ್ಕಕ್ಕೆ ಬರೋಣ. ಪಠ್ಯಪುಸ್ತಕದ ಹಾಗೆ ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಒಂದು ಮರಕ್ಕೆ 6,000 ರೂಪಾಯಿ ಗುತ್ತಿಗೆ ಎಂದುಕೊಳ್ಳಿ. ಇಬ್ಬರು ಸಹಾಯಕರಿಗೆ ತಲಾ 800ರಂತೆ 1,600. ಸೊಪ್ಪು, ಕೊಂಬೆ ಸಾಗಿಸುವ ಟ್ರ್ಯಾಕ್ಟರಿಗೆ 1,500. ಮೆಷಿನ್ನಿನ ಪೆಟ್ರೋಲ್, ಟೂ-ಟಿ ಆಯಿಲ್, ಚೈನಿಗೆ ಹಾಕುವ ಆಯಿಲ್ ಸೇರಿ 400. ಹಗ್ಗ, ಚೈನು, ಮೆಷಿನ್ನಿನ ಸವೆತಕ್ಕೆ 300. ಒಟ್ಟು 3,800. ಹತ್ತಿದವರಿಗೆ ಉಳಿಯುವುದು 2,200.

ಅದೇ ಕೆಲಸವನ್ನು ಇನ್ನೊಬ್ಬರು 4,000ಕ್ಕೆ ಒಪ್ಪಿದರು ಎನ್ನಿ. ಇದೇ ಖರ್ಚು ಕಳೆದರೆ ಅವರಿಗೆ ಉಳಿಯುವುದು 200 ರೂಪಾಯಿ. ಇನ್ನೂರಕ್ಕೆ ಯಾರೂ ಮರ ಹತ್ತುವುದಿಲ್ಲ. ಹಾಗಾದರೆ ಎಲ್ಲಿ ಉಳಿಸುತ್ತಾರೆ? ಟ್ರ್ಯಾಕ್ಟರಿನವರು ಬಾಡಿಗೆ ಇಳಿಸುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಚೌಕಾಸಿ ನಡೆಯುವುದಿಲ್ಲ. ಉಳಿಸಲು ಜಾಗ ಇರುವುದು ಎರಡೇ ಕಡೆ. ಒಬ್ಬ ಸಹಾಯಕನನ್ನು ಬಿಡಬಹುದು, ಹಳೆಯ ಹಗ್ಗವನ್ನೇ ಇನ್ನೊಂದು ವರ್ಷ ಎಳೆಯಬಹುದು. ಇವೆರಡೂ ಮೇಲಿರುವವನ ಜೀವ ಕಾಯುವ ವಸ್ತುಗಳು. ಅಂದರೆ ನಾವು ಉಳಿಸಿದೆವು ಎಂದುಕೊಂಡ 2,000 ಅಲ್ಲಿಂದಲೇ ಬಂದಿದೆ. ಅದು ನಮ್ಮ ಕ್ಯಾಶ್ ಬುಕ್ಕಿನಲ್ಲಿ ಕಾಣಿಸುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸದವರನ್ನು ಟ್ರೀ ಸರ್ಜನ್ ಎಂದು ಕರೆಯುತ್ತಾರೆ, ಅಂದರೆ ಮರದ ಶಸ್ತ್ರವೈದ್ಯ. ಅಲ್ಲಿ ಮರ ಹತ್ತುವ ಕೆಲಸ ನಡೆಯುವಾಗ ಕನಿಷ್ಠ ಇಬ್ಬರಿರಬೇಕು, ಮೇಲಿನವನಿಗೆ ಏನಾದರೂ ಆದರೆ ಹತ್ತಿ ಇಳಿಸಿಕೊಂಡು ಬರುವ ತರಬೇತಿ ಮತ್ತು ಸಲಕರಣೆ ಕೆಳಗಿನವನಿಗೂ ಇರಬೇಕು ಎಂದು ಸುರಕ್ಷತಾ ಸೂಚನೆ ಹೇಳುತ್ತದೆ. ನಮ್ಮಲ್ಲಿ ಕೊಟೇಶನ್ ಇಳಿದಾಗ ಮೊದಲು ಮನೆಗೆ ಹೋಗುವವನೇ ಆ ಕೆಳಗಿನವನು.

"ಬೆಲ್ಟು, ಹಗ್ಗ ಕೊಟ್ಟರೂ ಅವರೇ ಕಟ್ಟಿಕೊಳ್ಳುವುದಿಲ್ಲ" ಎಂದು ಹಲವರು ಹೇಳುತ್ತಾರೆ. ಇದು ಸುಳ್ಳಲ್ಲ. ಮಾಮುಗೂ ಮನೆಯಲ್ಲಿ ಅಮ್ಮಿ ದಿನಾ ಬೈಯುತ್ತಾರೆ. ಆದರೆ ಯಾಕೆ ಕಟ್ಟಿಕೊಳ್ಳುವುದಿಲ್ಲ ಎಂದು ಕೇಳಬೇಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹಗ್ಗ ಬಿಚ್ಚಿ, ಮೇಲೆ ಹಾಕಿ, ಮತ್ತೆ ಕಟ್ಟಬೇಕು. ಎರಡು ಗಂಟೆಯ ಕೆಲಸ ನಾಲ್ಕು ಗಂಟೆಯಾಗುತ್ತದೆ. ಮರಕ್ಕೆ ಇಷ್ಟು ಎಂದು ಗುತ್ತಿಗೆ ಮಾತಾಡಿದ ಮೇಲೆ ಆ ಹೆಚ್ಚಿನ ಎರಡು ಗಂಟೆ ಯಾರ ಖರ್ಚು? ಹತ್ತಿದವರದ್ದು. ಅವರು ಮಧ್ಯಾಹ್ನ ಇನ್ನೊಂದು ಮರ ಕಳೆದುಕೊಳ್ಳುತ್ತಾರೆ. ದಿನಗೂಲಿ ಲೆಕ್ಕದಲ್ಲಿ ಕೊಟ್ಟರೆ ಹಗ್ಗ ಕಟ್ಟುವ ಸಮಯಕ್ಕೂ ಕೂಲಿ ಸಿಗುತ್ತದೆ, ಅವಸರ ಮಾಡಲು ಕಾರಣ ಇರುವುದಿಲ್ಲ. ಧೈರ್ಯ, ಅಹಂಕಾರ, ಅಭ್ಯಾಸ ಎಲ್ಲ ಇದ್ದರೂ ಅರ್ಧ ಸಮಸ್ಯೆ ಕೂಲಿ ಕೊಡುವ ರೀತಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಚೌಕಾಸಿ ಇದೆ. "ಸೌದೆ ನೀವೇ ತಗೊಂಡು ಹೋಗಿ, ದುಡ್ಡು ಕಡಿಮೆ ಮಾಡಿಕೊಳ್ಳಿ." ಹಲಸು, ತೇಗ ಆದರೆ ಬೆಲೆ ಇದೆ. ಮಳೆಮರದ ಎಳೆ ಕೊಂಬೆ, ಸೊಪ್ಪು ಯಾರಿಗೂ ಬೇಡ. ಅದು ಸರಕಲ್ಲ, ಸಾಗಿಸುವ ಖರ್ಚು.

ವರ್ಷದ ಲೆಕ್ಕವನ್ನೂ ನೋಡಬೇಕು. ನಾನು ಬರೆಯುವ ನೋಟ್‌ಬುಕ್ಕಿನಲ್ಲಿ ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಪುಟ ಸಾಲದು. ಆಮೇಲೆ ಸೆಪ್ಟೆಂಬರ್‌ವರೆಗೆ ಬಹುತೇಕ ಖಾಲಿ. ನಮ್ಮ ಮಲೆನಾಡಿನ ಮಳೆಯಲ್ಲಿ ತೊಗಟೆ ಪಾಚಿ ಹಿಡಿದು ಜಾರುತ್ತದೆ. ಆಗ ಬರುವ ಕರೆಗಳು ಗಾಳಿಗೆ ಮರ ಬಿದ್ದು ರಸ್ತೆಯೋ ಮನೆಯೋ ಬಂದ್ ಆದಾಗ ಬರುವ ಕರೆಗಳು, ಎಲ್ಲಕ್ಕಿಂತ ಅಪಾಯದ ಕೆಲಸ. ಒಂದು ದಿನ 2,200 ಸಿಕ್ಕಿತು ಎಂದು ಅದನ್ನು ಮೂವತ್ತರಿಂದ ಗುಣಿಸಿ "ಲೆಕ್ಚರರ್ ಸಂಬಳ ಬರುತ್ತಲ್ಲ" ಎನ್ನುವವರು ಈ ಖಾಲಿ ಪುಟಗಳನ್ನು ನೋಡಿಲ್ಲ.

ಅಡಿಕೆ ತೋಟದ ಕೆಲಸದಲ್ಲಿ ಸ್ವಲ್ಪ ಬದಲಾವಣೆ ಬಂದಿದೆ. ಕೊನೆಗೌಡರು ಸಿಗದೆ ಹೋದಾಗ ಬೆಳೆಗಾರರು ಕಾರ್ಬನ್ ಫೈಬರ್ ದೋಟಿ ತಂದರು, ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಆದರೆ ಬೈಕ್ ಹತ್ತುವುದು ಕೊಂಬೆಯಿಲ್ಲದ ನೇರ ಮರವನ್ನು. ತೆಂಗಿನ ವಿಮೆ ತೆಂಗಿನವರಿಗೆ. ಪೇಟೆಯಲ್ಲಿ ಮಳೆಮರ, ಗುಲ್‌ಮೊಹರ್ ಹತ್ತುವವರಿಗೆ ಇವೆರಡೂ ಇಲ್ಲ.

ಎದುರು ವಾದವೂ ನ್ಯಾಯವಾದದ್ದೇ. ಕಾಲೇಜಿನ ಹಣ ನಮ್ಮ ಅಬ್ಬಾ ಅಮ್ಮಿಯರು ಕಷ್ಟಪಟ್ಟು ಕಟ್ಟಿದ ಫೀಸು. ಅದನ್ನು ಸುಮ್ಮನೆ ಹೆಚ್ಚು ಕೊಡಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಬರೆದವರೆಲ್ಲ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದೂ ಅಲ್ಲ. ಕೊಟೇಶನ್ನಿನಲ್ಲಿ ಬರೀ ಮೊತ್ತ ಕೇಳುವ ಬದಲು ಅದರೊಳಗೆ ಏನಿದೆ ಎಂದು ಕೇಳೋಣ.

ನನ್ನ ಸಲಹೆ ಇಷ್ಟು. ಒಂದು, ಎಷ್ಟು ಜನ ಬರುತ್ತಾರೆ, ಕೆಳಗೆ ಹಗ್ಗಕ್ಕೆ ಯಾರು ನಿಲ್ಲುತ್ತಾರೆ ಎಂದು ಬರೆಸಿಕೊಳ್ಳಬೇಕು. ಎರಡು, ಗುತ್ತಿಗೆಯ ಬದಲು ದಿನಗೂಲಿ ಲೆಕ್ಕದಲ್ಲಿ ಕೊಡಬೇಕು, ಸೊಪ್ಪು ಸಾಗಿಸುವ ಬಾಡಿಗೆ ಬೇರೆ ಇಡಬೇಕು. ಮೂರು, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ, ಮರ ಬೀಳಿಸಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಾವು ಕೊಂಬೆ ಮಾತ್ರ ಕಡಿಸಿದರೂ ಮೊದಲೇ ಕಾಲೇಜೇ ಕೇಳಿಕೊಳ್ಳಲಿ, ಲೈನ್ ಬಂದ್ ಮಾಡಿಸುವುದೂ ಕಾಲೇಜೇ ನೋಡಿಕೊಳ್ಳಲಿ. ಹತ್ತುವವರ ಬೆಳಗಿನ ಹೊತ್ತು ಆಫೀಸು ಸುತ್ತುವುದರಲ್ಲಿ ಹೋಗಬಾರದು. ನಾಲ್ಕು, ಕೆಲಸ ಮುಗಿದ ದಿನವೇ ಹಣ ಕೊಡಬೇಕು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಮಾತನ್ನು ಕೇಳಿಯೇ ಬೆಳೆದವರು ನಾವು.

ಐದನೆಯದು ನಮ್ಮ ಕೆಲಸ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗೆ ಬ್ಯಾಂಕ್ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಎರಡು ಲಕ್ಷ ಒಂದು ಸಂಸಾರಕ್ಕೆ ಸಾಕಾಗುವುದಿಲ್ಲ, ಆದರೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ವಿಮೆಯ ತತ್ವಗಳನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇವೆ. ಮಾಮು ಜೊತೆ ಕೆಲಸ ಮಾಡುವ ಇಬ್ಬರಿಗೆ ಈ ಯೋಜನೆಯ ಹೆಸರೇ ಗೊತ್ತಿರಲಿಲ್ಲ, ಫಾರಂ ನಾನು ತುಂಬಿಕೊಟ್ಟೆ. ಹತ್ತು ನಿಮಿಷ ಹಿಡಿಯಿತು. ನಮ್ಮ ಕಾಲೇಜಿಗೆ ಮರ ಹತ್ತಲು ಬರುವವರಿಗೂ ಆ ಫಾರಂ ತುಂಬಿಕೊಡಲು ನಾನು ಸಿದ್ಧ. ಜೊತೆಗೆ ಬರುವವರು ದ್ವಿತೀಯ ಪಿಯು ವಾಣಿಜ್ಯ ವಿಭಾಗದಲ್ಲಿ ಹೆಸರು ಕೊಡಿ.